ಮೂರು ಸಾವಿರ ರೂಪಾಯಿಯ ಸ್ವಯಂ ಘೋಷಣೆ: ಒಬ್ಬ ಪದವೀಧರೆಯ ಪ್ರಕರಣ

2024ರ ಸೆಪ್ಟೆಂಬರ್‌ನ ಒಂದು ಮಧ್ಯಾಹ್ನ ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆ. ಹಿಂದಿನ ವರ್ಷ ಬಿಕಾಂ ಮುಗಿಸಿ ಹೋಗಿದ್ದ ವಿದ್ಯಾರ್ಥಿನಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಯಾವುದೋ ಅರ್ಜಿಗೆ ಸಹಿ ಬೇಕಾಗಿರಬೇಕು ಎಂದುಕೊಂಡೆ. ಅವಳು ತಂದಿದ್ದು ಪ್ರಶ್ನೆಯನ್ನು. ‘ಸರ್, ತಿಂಗಳಿಗೊಮ್ಮೆ ನಾನು ಸುಳ್ಳು ಬರೆದುಕೊಡುತ್ತಿದ್ದೇನೆ ಎಂದು ಅನ್ನಿಸುತ್ತಿದೆ. ಲೆಕ್ಕ ಕಲಿಸಿದವರು ನೀವು, ನೋಡಿ ಹೇಳಿ’ ಎಂದಳು. ಮೂವತ್ತು ವರ್ಷ ವಾಣಿಜ್ಯಶಾಸ್ತ್ರ ಕಲಿಸಿದ್ದೇನೆ. ವಿದ್ಯಾರ್ಥಿಗಳು ಲಾಭ ತೋರಿಸುವುದು ಹೇಗೆ, ತೆರಿಗೆ ಉಳಿಸುವುದು ಹೇಗೆ ಎಂದು ಕೇಳಿದ್ದಾರೆ. ಇಂಥ ಪ್ರಶ್ನೆಯನ್ನು ಯಾರೂ ತಂದಿರಲಿಲ್ಲ.

ಈ ಬರಹದಲ್ಲಿ ಅವಳ ಹೆಸರಿಲ್ಲ. ಊರು ತೀರ್ಥಹಳ್ಳಿ ತಾಲ್ಲೂಕಿನದು ಎಂದರೆ ಸಾಕು. ಗುರುತು ಹತ್ತಬಾರದೆಂದು ಮನೆಯ ಒಂದೆರಡು ವಿವರಗಳನ್ನು ಅದಲುಬದಲು ಮಾಡಿದ್ದೇನೆ, ರೂಪಾಯಿಯ ಲೆಕ್ಕವನ್ನು ಮಾತ್ರ ಮುಟ್ಟಿಲ್ಲ. ಬರೆಯಲು ಅವಳ ಒಪ್ಪಿಗೆ ಇದೆ.

ಅವಳು ಬರೆದುಕೊಡುತ್ತಿದ್ದುದು ಯುವನಿಧಿಯ ಸ್ವಯಂ ಘೋಷಣೆ. ರಾಜ್ಯ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಕೊನೆಯದಾಗಿ ಜಾರಿಗೆ ಬಂದದ್ದು ಇದು. 2023ರ ಡಿಸೆಂಬರ್ 26ರಂದು ನೋಂದಣಿ ತೆರೆಯಿತು. 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ಶಿವಮೊಗ್ಗದ ಹಳೆಯ ಜೈಲಿನ ಮೈದಾನದಲ್ಲಿ ಮುಖ್ಯಮಂತ್ರಿಗಳು ಮೊದಲ ಕಂತಿಗೆ ಚಾಲನೆ ಕೊಟ್ಟರು. 2022–23ರಲ್ಲಿ ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500. ಕೆಲಸ ಸಿಗುವವರೆಗೆ, ಇಲ್ಲವೇ ಹೆಚ್ಚೆಂದರೆ ಎರಡು ವರ್ಷ. ಉನ್ನತ ಶಿಕ್ಷಣಕ್ಕೆ ಸೇರಿದವರಿಗೆ, ಭತ್ಯೆ ಪಡೆಯುವ ಅಪ್ರೆಂಟಿಸ್‌ಗಳಿಗೆ, ಸರ್ಕಾರಿ ಅಥವಾ ಖಾಸಗಿ ಕೆಲಸದಲ್ಲಿರುವವರಿಗೆ, ಸರ್ಕಾರದ ಯೋಜನೆಯಿಂದಲೋ ಬ್ಯಾಂಕ್ ಸಾಲದಿಂದಲೋ ಸ್ವಯಂ ಉದ್ಯೋಗ ಹೂಡಿದವರಿಗೆ ಇದು ಸಿಗುವುದಿಲ್ಲ. ಪಡೆಯುವವರು ಆಗ ಪ್ರತಿ ತಿಂಗಳ 25ರೊಳಗೆ ತಮಗೆ ಉದ್ಯೋಗ ಸಿಕ್ಕಿಲ್ಲ, ಮುಂದೆ ಓದುತ್ತಿಲ್ಲ ಎಂದು ತಾವೇ ಘೋಷಿಸಬೇಕಿತ್ತು. ಘೋಷಣೆ ಸುಳ್ಳಾದರೆ ದಂಡ.

ಚಾಲನೆಯ ದಿನ ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ನಾನೊಂದು ಮಾತು ಆಡಿದ್ದೆ: ‘ಇನ್ನು ಕಾಲೇಜು ಬಿಟ್ಟ ಮೇಲೆ ಹುಡುಗರು ಎರಡು ವರ್ಷ ಹಾಯಾಗಿ ಮಲಗಬಹುದು.’ ಎಲ್ಲರೂ ನಕ್ಕಿದ್ದರು. ಈ ಹುಡುಗಿ ಬಂದು ನಿಂತಾಗ ಆ ನಗು ನೆನಪಿಗೆ ಬಂತು.

ಮನೆಯ ಲೆಕ್ಕ

ತಂದೆಗೆ ಒಂದು ಎಕರೆ ಅಡಿಕೆ ತೋಟ. ಮಲೆನಾಡಿನ ತೋಟಗಳಿಗೆ ಎಲೆಚುಕ್ಕಿ ರೋಗ ಹೇಗೆ ಹರಡಿತು ಎಂಬುದು ಇತ್ತ ಕಡೆಯವರಿಗೆ ಹೇಳಬೇಕಾಗಿಲ್ಲ. ಗರಿಯ ಮೇಲಿನ ಚುಕ್ಕಿ ಸೇರಿ ಸೇರಿ ಇಡೀ ಸೋಗೆ ಒಣಗುತ್ತದೆ, ಮರ ಬದುಕಿದ್ದರೂ ಗೊನೆ ಬಡವಾಗುತ್ತದೆ. ಅವರ ತೋಟದ ಫಸಲು ಎರಡೇ ವರ್ಷದಲ್ಲಿ ಅರ್ಧಕ್ಕೆ ಇಳಿದಿತ್ತು. ತಾಯಿ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ, ಮಿಕ್ಕ ದಿನ ಮನೆ ಮತ್ತು ಎರಡು ದನ. ತಮ್ಮ ಪಿಯುಸಿಯಲ್ಲಿದ್ದಾನೆ. ಅಜ್ಜಿ 2023ರ ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಸೊಂಟ ಮುರಿದುಕೊಂಡವರು, ಮತ್ತೆ ಎದ್ದು ನಡೆದಿಲ್ಲ. ಅವರನ್ನು ಎತ್ತಿ ಕೂರಿಸುವುದು, ಸ್ನಾನ, ಊಟ, ರಾತ್ರಿ ಎರಡು ಬಾರಿ ಮಗ್ಗುಲು ಬದಲಿಸುವುದು, ಎಲ್ಲವೂ ಇವಳ ಪಾಲಿಗೆ.

ಪದವಿ ಕೈಗೆ ಬಂದ ಮೇಲೆ ಅವಳು ಸುಮ್ಮನೆ ಕೂತಿರಲಿಲ್ಲ. ಬ್ಯಾಂಕ್ ಗುಮಾಸ್ತ ಹುದ್ದೆಯ ಪರೀಕ್ಷೆ ಬರೆದಳು. ಅರ್ಜಿ ಶುಲ್ಕವೇ 850 ರೂಪಾಯಿ. ಗ್ರಾಮ ಪಂಚಾಯಿತಿಯ ಹುದ್ದೆಗೆ, ಕಿರಿಯ ಸಹಾಯಕರ ಹುದ್ದೆಗೆ ಅರ್ಜಿ ಹಾಕಿದಳು. ತೀರ್ಥಹಳ್ಳಿಯ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೇಳಿದಳು, ‘ಆರು ತಿಂಗಳು ಸಂಬಳವಿಲ್ಲದೆ ಕಲಿ, ಆಮೇಲೆ ನೋಡೋಣ’ ಎಂದರು. ಪ್ರತಿ ಓಡಾಟಕ್ಕೂ ಬಸ್ ಚಾರ್ಜು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತವಲ್ಲವೇ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ನಮ್ಮ ಕಡೆಯ ಹಳ್ಳಿಗಳಿಗೆ ಬರುವುದು ಖಾಸಗಿ ಬಸ್ಸು. ಅದರ ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿದರೆ ನಗುತ್ತಾನೆ.

2024ರ ಮೇ ತಿಂಗಳಲ್ಲಿ ಅವಳು ತಾಯಿಯ ಜೊತೆ ಉದ್ಯೋಗ ಖಾತರಿಯ ಕೆಲಸಕ್ಕೂ ಹೋದಳು. ಹನ್ನೆರಡು ದಿನ ಇಂಗುಗುಂಡಿ ತೋಡಿದಳು. ಆ ವರ್ಷ ಕರ್ನಾಟಕದ ಕೂಲಿ ದಿನಕ್ಕೆ 349 ರೂಪಾಯಿ. ಮಳೆ ಹಿಡಿದ ಮೇಲೆ ಕೆಲಸ ನಿಂತಿತು. ಜೂನ್‌ನಲ್ಲಿ ಶಾಲೆ ತೆರೆದಾಗ ಅಕ್ಕಪಕ್ಕದ ಐದು ಮಕ್ಕಳಿಗೆ ಸಂಜೆ ಪಾಠ ಹೇಳಲು ಶುರುಮಾಡಿದಳು, ತಲೆಗೆ 300 ರೂಪಾಯಿಯಂತೆ. ಅದೇ ತಿಂಗಳು ಗ್ರಾಮ ಒನ್ ಕೇಂದ್ರದಲ್ಲಿ ಯುವನಿಧಿಗೆ ಅರ್ಜಿ ಹಾಕಿದಳು. ಜುಲೈಯಿಂದ ಹಣ ಬರತೊಡಗಿತು. ಮನೆಯಲ್ಲಿ ಮಾತು ಬಿರುಕುಬಿಟ್ಟದ್ದು ಆಗ.

ಬಿಟ್ಟಿ

ತಂದೆಯ ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. ಅವರು ಮಗಳಿಗೆ ಹೇಳಿದ್ದು ಎರಡೇ ಮಾತು: ‘ನಾವು ಬಿಟ್ಟಿ ಉಂಡವರಲ್ಲ. ಕೈ ಚಾಚುವುದು ರೂಢಿಯಾದರೆ ಮಡಚಲು ಬರುವುದಿಲ್ಲ.’ ಮಗಳು ಗುಂಡಿ ತೋಡಿ ಸರ್ಕಾರದ ಕೂಲಿ ತಂದಾಗ ಅವರು ಬೇಸರಿಸಿರಲಿಲ್ಲ. ಎರಡೂ ಸರ್ಕಾರದ ಹಣವೇ, ಆದರೆ ಒಂದಕ್ಕೆ ಬೆವರಿನ ರಸೀದಿ ಇದೆ. ಆ ವ್ಯತ್ಯಾಸ ಅವರ ಮಟ್ಟಿಗೆ ದೊಡ್ಡದು. ಅದನ್ನು ಅಜ್ಞಾನ ಎಂದು ತಳ್ಳಿಹಾಕುವವರು ಹಳ್ಳಿಯಲ್ಲಿ ಮರ್ಯಾದೆ ಎಂಬುದು ಬ್ಯಾಂಕ್ ಖಾತೆಯಷ್ಟೇ ಉಪಯೋಗಕ್ಕೆ ಬರುವ ಆಸ್ತಿ ಎಂಬುದನ್ನು ಕಂಡವರಲ್ಲ.

ಆದರೆ ಮಗಳೂ ಅಪ್ಪನ ಮಗಳೇ. ‘ತೋಟಕ್ಕೆ ನೀರು ಹಾಯಿಸುವ ಪಂಪಿಗೆ ಕರೆಂಟ್ ಬಿಲ್ಲು ಎಷ್ಟು ಬರುತ್ತದೆ ಅಪ್ಪಯ್ಯ?’ ಎಂದು ಕೇಳಿದಳಂತೆ. ಹತ್ತು ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ಕರ್ನಾಟಕದಲ್ಲಿ 2008ರಿಂದ ವಿದ್ಯುತ್ ಉಚಿತ. ಅವರದು ಐದರ ಪಂಪು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಅದು ಬೆಳೆಗೆ ಕೊಟ್ಟದ್ದು, ನನಗಲ್ಲ’ ಎಂದರು. ತಾಯಿಯ ಖಾತೆಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿಯ ವಿಚಾರ ಯಾರೂ ಎತ್ತಲಿಲ್ಲ. ಆ ಮನೆಯಲ್ಲಿ ಅದು ಸಂಕೋಚವಿಲ್ಲದೆ ಅಕ್ಕಿ ಡಬ್ಬ ಸೇರಿತ್ತು, ಏಕೆಂದರೆ ತಾಯಿ ಏನೂ ಕೆಲಸ ಮಾಡುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಓದಿದ ಮಗಳ ಪಾಡು ಬೇರೆ. ಅವಳು ಮನೆಯಲ್ಲಿದ್ದಾಳೆ ಎಂದರೆ ಖಾಲಿ ಇದ್ದಾಳೆ ಎಂದೇ ಊರಿನ ಅರ್ಥ.

ಬಿಟ್ಟಿ ಎಂಬ ಪದದ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಅದು ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ವಿಷ್ಟಿ ಎಂದರೆ ಅರಸನೋ ಊರ ಒಡೆಯನೋ ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ಬಿಟ್ಟಿ ಚಾಕರಿ ಎನ್ನುವಾಗ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತದೆ. ಸಂವಿಧಾನದ 23ನೇ ವಿಧಿ ನಿಷೇಧಿಸಿದ್ದು ಈ ಬಿಟ್ಟಿಯನ್ನು. ದುಡಿದೂ ಕೂಲಿ ಪಡೆಯದವನ ಸಂಕಟದ ಪದ ಕಾಲಾಂತರದಲ್ಲಿ ದುಡಿಯದೆ ಪಡೆಯುವವನ ಮೇಲಿನ ಬೈಗುಳವಾಗಿ ತಿರುಗಿದೆ. ‘ಬಿಟ್ಟಿ ಭಾಗ್ಯ’ ಎಂದು ಇಂದು ವೇದಿಕೆಗಳಲ್ಲಿ ಗುಡುಗುವವರಿಗೆ ಈ ತಿರುವು ಗೊತ್ತಿರಲಾರದು. ಹಳೆಯ ಅರ್ಥದಲ್ಲಿ ಕೇಳುವುದಾದರೆ ಆ ಮನೆಯಲ್ಲಿ ಬಿಟ್ಟಿ ಯಾರದು? ಬೆಳಗಿನ ಐದೂವರೆಯಿಂದ ಅಜ್ಜಿಯ ಹಾಸಿಗೆಯ ಪಕ್ಕ ನಿಲ್ಲುವವಳದು. ತೀರ್ಥಹಳ್ಳಿಯಲ್ಲಿ ಅದೇ ಕೆಲಸಕ್ಕೆ ಹೆಂಗಸೊಬ್ಬಳನ್ನು ಇಟ್ಟುಕೊಳ್ಳಲು ವಿಚಾರಿಸಿದಾಗ ತಿಂಗಳಿಗೆ 10,000 ಕೇಳಿದ್ದರು.

ಹಾಗೆಂದು ಯುವನಿಧಿಯನ್ನು ಅಜ್ಜಿಯ ಸೇವೆಗೆ ಕೂಲಿ ಎಂದು ಬರೆದುಕೊಳ್ಳಲು ಬರುವುದಿಲ್ಲ. ಸರ್ಕಾರ ಕೊಟ್ಟದ್ದು ಅದಕ್ಕಲ್ಲ. ಬೇರೆ ತಲೆಬರಹದಲ್ಲಿ ಬಂದ ಹಣವನ್ನು ನಮಗೆ ಸಮಾಧಾನ ಕೊಡುವ ತಲೆಬರಹಕ್ಕೆ ವರ್ಗಾಯಿಸುವುದನ್ನು ನಾನು ತರಗತಿಯಲ್ಲೂ ಒಪ್ಪುವುದಿಲ್ಲ. ‘ನಾವೂ ತೆರಿಗೆ ಕಟ್ಟುತ್ತೇವೆ, ಮೊಬೈಲ್ ರೀಚಾರ್ಜಿನಲ್ಲೇ ಶೇಕಡಾ 18 ಜಿಎಸ್‌ಟಿ ಹೋಗುತ್ತದೆ’ ಎಂಬ ವಾದವನ್ನೂ ಅವಳು ತಂದಿದ್ದಳು. ನಿಜವೇ. ಆದರೆ ಕಟ್ಟಿದ ತೆರಿಗೆಗೆ ತಕ್ಕಷ್ಟು ಮಾತ್ರ ಪಡೆಯಬೇಕು ಎಂದಾದರೆ ಏನೂ ಕಟ್ಟಲಾಗದ ಕಡುಬಡವನಿಗೆ ಏನೂ ದಕ್ಕಬಾರದು ಎಂದಾಗುತ್ತದೆ. ಆ ದಾರಿ ಬೇಡ ಎಂದೆ.

ಗಟ್ಟಿಯಾದ ನೆಲ ಬೇರೆ ಕಡೆ ಇದೆ. ಸಂವಿಧಾನದ 41ನೇ ವಿಧಿ ಉದ್ಯೋಗದ ಹಕ್ಕನ್ನೂ, ನಿರುದ್ಯೋಗ, ಮುಪ್ಪು, ಕಾಯಿಲೆಗಳ ಹೊತ್ತಿನಲ್ಲಿ ಸಾರ್ವಜನಿಕ ನೆರವಿನ ಹಕ್ಕನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ರಾಜ್ಯ ಇವನ್ನು ಒದಗಿಸಬೇಕು ಎನ್ನುತ್ತದೆ. ನ್ಯಾಯಾಲಯಕ್ಕೆ ಹೋಗಿ ಕೇಳಿ ಪಡೆಯುವಂಥದ್ದಲ್ಲ, ಇದು ನಿರ್ದೇಶಕ ತತ್ತ್ವ. ಆದರೂ ಬರೆದವರ ಮನಸ್ಸು ಸ್ಪಷ್ಟವಿದೆ: ಮೊದಲ ಬಾಧ್ಯತೆ ಕೆಲಸ, ಅದು ಸಾಧ್ಯವಾಗದಾಗ ನೆರವು. 2005ರ ಉದ್ಯೋಗ ಖಾತರಿ ಕಾಯ್ದೆ ಇದೇ ತರ್ಕವನ್ನು ಕಾನೂನಾಗಿಸಿತು. ಕೆಲಸ ಕೇಳಿದ ಹದಿನೈದು ದಿನದೊಳಗೆ ಕೊಡದಿದ್ದರೆ ಮೊದಲ ಮೂವತ್ತು ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ ಭಾಗ ನಿರುದ್ಯೋಗ ಭತ್ಯೆ ಕೊಡಬೇಕು ಎಂದಿತು. ಆ ಭತ್ಯೆ ಪಡೆದವರನ್ನು ನಾನಂತೂ ಕಂಡಿಲ್ಲ, ಅದು ಬೇರೆ ಕಥೆ. 349ರ ಕಾಲು ಭಾಗ 87 ರೂಪಾಯಿ ಚಿಲ್ಲರೆ. ಯುವನಿಧಿಯ 3,000 ದಿನಕ್ಕೆ ನೂರು ಬೀಳುತ್ತದೆ. ಗುಂಡಿ ತೋಡುವವನಿಗೆ ಕೊಡದ ಕೆಲಸದ ಬಾಕಿಯೂ ಲೆಕ್ಕ ಬರೆಯಬಲ್ಲವಳಿಗೆ ಕೊಡದ ಕೆಲಸದ ಬಾಕಿಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ಇದರ ಮೇಲೆ ಯಾರಾದರೂ ಹಾಯಾಗಿ ಮಲಗುತ್ತಾರೆ ಎಂದು ನಾನು ಹೇಳಿದ್ದೆ.

ಬೇಡ ಎಂದ ಕೆಲಸ

ಇಷ್ಟಾದರೂ ಅವಳ ಮನಸ್ಸಿನಲ್ಲಿ ಕುಟುಕುತ್ತಿದ್ದ ಸಂಗತಿ ಇನ್ನೂ ಹೊರಬಿದ್ದಿರಲಿಲ್ಲ. ಅವಳಿಗೆ ಕೆಲಸ ಸಿಕ್ಕಿರಲಿಲ್ಲ ಎಂಬುದು ಪೂರ್ತಿ ನಿಜವಲ್ಲ. ಏಪ್ರಿಲ್‌ನಲ್ಲಿ ಬೆಂಗಳೂರಿನ ಕಂಪನಿಯೊಂದು ಬಿಲ್ಲು ನಮೂದಿಸುವ ಕೆಲಸಕ್ಕೆ ಕರೆದಿತ್ತು, ತಿಂಗಳಿಗೆ 13,000. ಅವಳು ಹೋಗಲಿಲ್ಲ. ಹಾಗಾದರೆ ‘ಉದ್ಯೋಗ ಸಿಕ್ಕಿಲ್ಲ’ ಎಂದು ಬರೆಯಬಹುದೇ?

ಈ ಪ್ರಕರಣದ ಕಷ್ಟದ ಭಾಗ ಇದು, ಏಕೆಂದರೆ ಭತ್ಯೆಯನ್ನು ದೂರುವವರ ಬತ್ತಳಿಕೆಯ ಮುಖ್ಯ ಬಾಣವೇ ಇದು. 2025ರ ಫೆಬ್ರುವರಿಯಲ್ಲಿ ನಗರದ ವಸತಿರಹಿತರ ಪ್ರಕರಣದ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟಿನ ಪೀಠವೇ, ಉಚಿತ ಕೊಡುಗೆಗಳಿಂದ ಜನ ದುಡಿಯಲು ಒಲ್ಲೆನ್ನುತ್ತಿದ್ದಾರೆ, ನಾವು ಪರಾವಲಂಬಿಗಳ ವರ್ಗವೊಂದನ್ನು ಸೃಷ್ಟಿಸುತ್ತಿಲ್ಲವೇ ಎಂದು ಕೇಳಿತು. ತೋಟಕ್ಕೆ ಆಳು ಸಿಗುವುದಿಲ್ಲ ಎಂಬ ದೂರು ನಮ್ಮ ತಾಲ್ಲೂಕಿನ ಪ್ರತಿ ಮದುವೆ ಊಟದಲ್ಲೂ ಕೇಳಿಸುತ್ತದೆ.

ಅವಳ ಲೆಕ್ಕವನ್ನು ಹಾಳೆಯ ಮೇಲೆ ಹಾಕಿಸಿದೆ. ನಾಲ್ವರು ಹಂಚಿಕೊಳ್ಳುವ ಪಿ.ಜಿ. ಕೋಣೆಗೆ ತಿಂಡಿ, ರಾತ್ರಿ ಊಟ ಸೇರಿ 7,000. ಮಧ್ಯಾಹ್ನದ ಊಟ, ಫೋನು, ಔಷಧಿ, ಚಿಲ್ಲರೆ ಖರ್ಚು ಸೇರಿ 3,000. ಎರಡು ತಿಂಗಳಿಗೊಮ್ಮೆ ಊರಿಗೆ ಬಂದುಹೋಗುವುದನ್ನು ಹಿಡಿದರೆ ಕೈಯಲ್ಲಿ ಉಳಿಯುವುದು ಎರಡೂವರೆ ಸಾವಿರ. ಊರಿನಲ್ಲಿ ಅಜ್ಜಿಗೆ ಜನ ಇಡಬೇಕು, 10,000. ಇಲ್ಲವೇ ತಾಯಿ ಸುಲಿಯುವ ಕೆಲಸ ಬಿಡಬೇಕು. ಅವಳು ಆ ಕೆಲಸಕ್ಕೆ ಸೇರಿದ್ದರೆ ಮನೆ ಪ್ರತಿ ತಿಂಗಳೂ ಇನ್ನಷ್ಟು ಕೆಳಗೆ ಇಳಿಯುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಪಿ.ಜಿ. ಬಾಡಿಗೆ ಇಲ್ಲದ ಕಾಲದ್ದು.

ಆದರೆ ಲೆಕ್ಕ ಒಗ್ಗಲಿಲ್ಲ ಎಂಬುದು ಎಲ್ಲರಿಗೂ ಎಲ್ಲ ಕಾಲಕ್ಕೂ ಸಿದ್ಧವಾಗಿರುವ ನೆಪವೂ ಹೌದು. ಹಾಗಾದರೆ ಗೆರೆ ಎಲ್ಲಿ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1988ರ 168ನೇ ಒಡಂಬಡಿಕೆ ಈ ಪ್ರಶ್ನೆಯನ್ನು ಎದುರಿಸಿದೆ. ಸೂಕ್ತವಾದ ಕೆಲಸವನ್ನು ನಿರಾಕರಿಸಿದವನ ಭತ್ಯೆ ತಡೆಯಬಹುದು ಎನ್ನುತ್ತದೆ. ಸೂಕ್ತವೇ ಎಂದು ತೀರ್ಮಾನಿಸುವಾಗ ವಯಸ್ಸು, ಅನುಭವ, ಕೆಲಸವಿಲ್ಲದೆ ಕಳೆದ ಕಾಲ, ಮಾರುಕಟ್ಟೆಯ ಸ್ಥಿತಿ ಇವುಗಳ ಜೊತೆಗೆ ಆ ಕೆಲಸ ವ್ಯಕ್ತಿಯ ಮತ್ತು ಕುಟುಂಬದ ಪರಿಸ್ಥಿತಿಯ ಮೇಲೆ ಮಾಡುವ ಪರಿಣಾಮವನ್ನೂ ನೋಡಬೇಕು ಎನ್ನುತ್ತದೆ. ಭಾರತ ಈ ಒಡಂಬಡಿಕೆಗೆ ಅಂಕಿತ ಹಾಕಿಲ್ಲ, ಯುವನಿಧಿಯ ನಿಯಮಗಳಲ್ಲಿ ನಿರಾಕರಣೆಯ ಮಾತೂ ಇಲ್ಲ. ಆದರೂ ಅಳತೆಗೋಲು ಚೆನ್ನಾಗಿದೆ, ನಮ್ಮದಲ್ಲ ಎಂದು ಬಿಡಬೇಕಾಗಿಲ್ಲ.

ಈ ಕೋಲಿನಿಂದ ಅಳೆದಾಗ ಬೆಂಗಳೂರಿನ ಕೆಲಸ ಅವಳಿಗೆ ಸೂಕ್ತವಲ್ಲ ಎಂಬುದು ನನ್ನ ತೀರ್ಪು. ಅಜ್ಜಿ ಇಲ್ಲದಿದ್ದರೆ? ಆಗ ಹೋಗಬೇಕಿತ್ತು ಎನ್ನುತ್ತೇನೆ. ಕೈಯಲ್ಲಿ ಉಳಿಯುವುದು ಎರಡೂವರೆ ಸಾವಿರವೇ ಆದರೂ ಮೊದಲ ಅನುಭವಕ್ಕೆ ಬೆಲೆಯಿದೆ. ಊರು ಬಿಡಲು ಮನಸ್ಸಿಲ್ಲ ಎಂಬ ಒಂದೇ ಕಾರಣಕ್ಕೆ ಇತರರ ಹಣದಲ್ಲಿ ಕಾಯುವುದು ಸರಿಯಲ್ಲ. ಇಲ್ಲಿ ನನ್ನ ಸಹೋದ್ಯೋಗಿ ಒಬ್ಬರು ಒಪ್ಪುವುದಿಲ್ಲ. ಊರಿನಲ್ಲೇ ಬದುಕುವ ಆಸೆ ಹಳ್ಳಿಯ ಹುಡುಗಿಗೆ ಮಾತ್ರ ಏಕೆ ಐಷಾರಾಮ ಆಗಬೇಕು ಎಂದು ಅವರು ಕೇಳುತ್ತಾರೆ. ಅವರಿಗೆ ನಾನಿನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ.

ಲಕ್ಕಮ್ಮನ ಅಕ್ಕಿ

ಕಾಯಕದ ಮಾತು ಬಾರದೆ ಕನ್ನಡದಲ್ಲಿ ಈ ಚರ್ಚೆ ಮುಗಿಯುವುದಿಲ್ಲ. ದುಡಿಯದೆ ಉಣ್ಣಬಾರದು ಎಂದು ಶರಣರು ಹೇಳಿದರು ಎನ್ನುತ್ತ ಭತ್ಯೆಯನ್ನು ಹಳಿಯುವುದು ನಮ್ಮಲ್ಲಿ ಬಹಳ ಸುಲಭ. ತಂದೆಯೂ ಆಯ್ದಕ್ಕಿ ಮಾರಯ್ಯನ ಹೆಸರು ಎತ್ತಿದ್ದರಂತೆ.

ಆ ಕಥೆಯನ್ನು ನಿಧಾನವಾಗಿ ನೋಡಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾರಯ್ಯನ ಕಾಯಕ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತರಲು ಬಿಡಲಿಲ್ಲ. ಇಷ್ಟು ಅಕ್ಕಿಯ ಆಸೆ ನಮಗೇಕೆ, ಇದ್ದಲ್ಲಿಗೇ ಸುರಿದು ಬಾ ಎಂದಳು. ಎಲ್ಲರೂ ನೆನಪಿಡುವುದು ಅವಳು ಹಿಂದಿರುಗಿಸಿದ ಅಕ್ಕಿಯನ್ನು. ಅವಳು ದಿನವೂ ಒಳಗೆ ಬಿಟ್ಟುಕೊಂಡ ಅಕ್ಕಿಯೂ ಇನ್ನೊಬ್ಬರ ಅಂಗಳದ್ದೇ, ಅವರ ಬೆಳೆಯಲ್ಲ, ಬಿತ್ತಿದ್ದಲ್ಲ. ಅದರ ಬಗ್ಗೆ ಅವಳಿಗೆ ತಕರಾರಿರಲಿಲ್ಲ. ಅವಳ ಕಣ್ಣು ಅಳತೆಯ ಮೇಲೆ ಇತ್ತು. ಇಂದಿನ ಅಗತ್ಯವೆಷ್ಟು, ತಂದದ್ದೆಷ್ಟು ಎಂಬುದನ್ನು ಮನೆಯ ಹೊಸ್ತಿಲಲ್ಲೇ ತಾಳೆ ನೋಡಿದಳು. ಆಯುವುದೂ ಒಂದು ಕೆಲಸವಲ್ಲವೇ ಎಂದು ನೀವು ಕೇಳಬಹುದು. ಹೌದು. ಪ್ರತಿ ತಿಂಗಳು ನಾಲ್ಕು ಅರ್ಜಿ ತುಂಬಿ, ಬಸ್ಸು ಹತ್ತಿ, ಪರೀಕ್ಷಾ ಕೇಂದ್ರದ ಮುಂದೆ ಕಾದು ನಿಲ್ಲುವುದೂ ಕೆಲಸವೇ.

ಅವಳು ಕೇಳಿದ್ದ ಮೂಲ ಪ್ರಶ್ನೆ ಬಿಡಿಸಿಕೊಂಡದ್ದು ಇಲ್ಲಿ. ಹಣ ಪಡೆಯುವುದು ಸರಿಯೇ ಎಂದು ಅವಳೂ ಅಪ್ಪನೂ ಮೂರು ತಿಂಗಳು ಜಗಳವಾಡಿದ್ದರು. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಬೇಡವೆಂದಿದ್ದರೆ ಆ ಸ್ವಾಭಿಮಾನದ ಬೆಲೆಯನ್ನು ತೆರುತ್ತಿದ್ದವರು ತಮ್ಮ ಮತ್ತು ತಾಯಿ. ಇನ್ನೊಬ್ಬರ ಖರ್ಚಿನಲ್ಲಿ ಕೊಳ್ಳುವ ಸ್ವಾಭಿಮಾನಕ್ಕೆ ನಾನು ಹೆಚ್ಚು ಅಂಕ ಕೊಡುವುದಿಲ್ಲ. ತಪ್ಪಾಗಬಹುದಾದ ಜಾಗ ತಿಂಗಳ ಘೋಷಣೆ. ಅಲ್ಲಿ ಹೌದು ಅಥವಾ ಅಲ್ಲ ಎರಡೇ. ಸಂಜೆ ಪಾಠದ 1,500 ರೂಪಾಯಿಯನ್ನು ಬರೆಯಲು ಜಾಗವಿಲ್ಲ. ಗ್ರಾಮ ಒನ್ ಕೇಂದ್ರದ ಹುಡುಗ ‘ಅದೆಲ್ಲ ಯಾರೂ ಕೇಳುವುದಿಲ್ಲ, ಸುಮ್ಮನಿರಿ’ ಎಂದಿದ್ದ. ಆ ‘ಸುಮ್ಮನಿರಿ’ ಅವಳ ನಿದ್ದೆ ಕೆಡಿಸಿತ್ತು.

ನಿಯಮದ ಅಕ್ಷರ ನೋಡಿದರೆ ಅವಳು ಸರಿ: ಸಾಲ ಪಡೆದು ಹೂಡಿದ ಉದ್ಯಮವಲ್ಲ, ಯಾರ ಕೈಕೆಳಗಿನ ನೌಕರಿಯೂ ಅಲ್ಲ. ಆಶಯ ನೋಡಿದರೂ ಐದು ಮಕ್ಕಳ ಪಾಠವನ್ನು ಪದವೀಧರೆಯ ಉದ್ಯೋಗ ಎಂದು ಕರೆಯುವುದು ನಗೆಪಾಟಲು. ಆದರೆ ಮಕ್ಕಳು ಐದರಿಂದ ಇಪ್ಪತ್ತೈದಾದರೆ ಮಾತು ಬದಲಾಗುತ್ತದೆ. ನನ್ನ ಸಲಹೆ ಇಷ್ಟು: ನಿನ್ನ ಅನುಮಾನವನ್ನು ನೀನೇ ತೀರಿಸಿಕೊಳ್ಳಬೇಡ, ಕೊಡುವವರನ್ನು ಕೇಳು. ಅವಳು ಜಿಲ್ಲಾ ಕೇಂದ್ರಕ್ಕೆ ಹೋಗಿ ಸಂಬಂಧಪಟ್ಟ ಅಧಿಕಾರಿಗೆ ಪಾಠದ ವಿಷಯ ಬರೆದ ಒಂದು ಪುಟದ ಪತ್ರ ಕೊಟ್ಟು ಬಂದಳು. ಅವರು ಓದಿ, ಇದು ಉದ್ಯೋಗವಲ್ಲ, ಧೈರ್ಯವಾಗಿ ಪಡೆಯಮ್ಮ ಎಂದರು. ಪತ್ರದ ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬಂದಿದ್ದಳು. ಆ ಮೊಹರನ್ನು ಅಪ್ಪನಿಗೆ ತೋರಿಸಿದ ಮೇಲೆ ಮನೆಯಲ್ಲಿ ಮಾತು ಸ್ವಲ್ಪ ತಣ್ಣಗಾಯಿತು.

ಸತ್ಯದ ಬೆಲೆ 57,000

ಪ್ರಕರಣ ಅಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ನವೆಂಬರ್‌ನಲ್ಲಿ ಅಡಿಕೆ ಸುಗ್ಗಿ ಶುರುವಾದಾಗ ಪಕ್ಕದ ಊರಿನ ಸಹಕಾರ ಸಂಘವೊಂದಕ್ಕೆ ತಾತ್ಕಾಲಿಕ ಲೆಕ್ಕಿಗರು ಬೇಕಾದರು. ಮೂರು ತಿಂಗಳು, ತಿಂಗಳಿಗೆ 9,000. ಮನೆಯಿಂದ ನಡೆದು ಹೋಗುವ ದೂರ, ಮಧ್ಯಾಹ್ನ ಬಂದು ಅಜ್ಜಿಗೆ ಊಟ ಕೊಟ್ಟು ಮರಳಬಹುದು. ನವೆಂಬರ್ 11ರ ಸೋಮವಾರ ಸೇರಿಕೊಂಡಳು. ಸೇರಿದ ವಾರವೇ ಫೋನು ಬಂತು: ‘ಸರ್, ಈಗ ಏನು ಬರೆಯಲಿ?’

ಒಮ್ಮೆ ಉದ್ಯೋಗಿ ಎಂದು ಬರೆದರೆ ಹಣ ನಿಲ್ಲುತ್ತದೆ, ಮತ್ತೆ ತೆರೆಯುವುದಿಲ್ಲ ಎಂಬ ಮಾತು ಹುಡುಗರ ನಡುವೆ ಹರಡಿತ್ತು. ಆ ಭಯವನ್ನು ಅಂಕಿಯಾಗಿಸಿ ನೋಡಿ. ಎರಡು ವರ್ಷಕ್ಕೆ ಒಟ್ಟು 72,000. ಅವಳ ಪಾಲಿಗೆ ಇನ್ನು ಹತ್ತೊಂಬತ್ತು ಕಂತು ಬಾಕಿ, 57,000. ಮೂರು ತಿಂಗಳ ಸಂಬಳ 27,000. ಸಂಘದ ಸಂಬಳ ಕೈಗೆ ಕೊಡುವ ನಗದು, ಭವಿಷ್ಯ ನಿಧಿ ಇಲ್ಲ, ಯಾವ ಕಂಪ್ಯೂಟರಿಗೂ ಇದು ಗೊತ್ತಾಗುವುದಿಲ್ಲ. ಸುಮ್ಮನಿದ್ದರೆ ಎರಡೂ ದಕ್ಕುತ್ತದೆ. ಅವಳ ಜೊತೆ ಓದಿದ ಇಬ್ಬರು ಹಾಗೇ ಮಾಡಿದ್ದರು, ಅದನ್ನು ಮುಚ್ಚಿಟ್ಟೂ ಇರಲಿಲ್ಲ.

ತಿಂಗಳ ಕೊನೆಗೆ ತಪ್ಪದೆ ಸರ್ಕಾರಿ ಸಂಬಳ ಬರುವವನು ಪ್ರಾಮಾಣಿಕತೆಯ ಸಲಹೆ ಕೊಡುವಾಗ ನಾಲಿಗೆ ಸ್ವಲ್ಪ ತಡವರಿಸಬೇಕು. ನನ್ನದು ತಡವರಿಸಿತು. ಸರ್ಕಾರ ಈ ಯೋಜನೆಯನ್ನು ಹೊಲಿದ ರೀತಿಯಲ್ಲೇ ಒಂದು ಕೊಂಕು ಇದೆ: ಸಣ್ಣ ತಾತ್ಕಾಲಿಕ ಕೆಲಸ ಒಪ್ಪಿಕೊಂಡು ನಿಜ ಹೇಳುವವಳಿಗೆ ನಷ್ಟ, ಮನೆಯಲ್ಲೇ ಕೂರುವವಳಿಗೆ ಲಾಭ. ದುಡಿಯುವ ತಿಂಗಳು ತಡೆದು, ಕೆಲಸ ಹೋದ ತಿಂಗಳು ತಾನಾಗಿಯೇ ಮುಂದುವರಿಯುವಂತೆ ಮಾಡಿದ್ದರೆ ಈ ಸಂಕಟವೇ ಇರುತ್ತಿರಲಿಲ್ಲ. ಸೋಮಾರಿತನವನ್ನು ಬೈಯುವವರು ಈ ಹೊಲಿಗೆಯನ್ನು ಬೈದದ್ದು ನಾನು ಕೇಳಿಲ್ಲ.

ಆದರೂ ಬರೆಯಬೇಕು ಎಂದೆ. ಕಾರಣವನ್ನೂ ಹೇಳಿದೆ. ಈ ಯೋಜನೆಗೆ ಕಾವಲುಗಾರ ಎಂದರೆ ಆ ಒಂದು ಘೋಷಣೆ ಮಾತ್ರ; ಅಧಿಕಾರಿ ಮನೆಗೆ ಬಂದು ಒಲೆ ನೋಡುವುದಿಲ್ಲ, ನೆರೆಯವರನ್ನು ವಿಚಾರಿಸುವುದಿಲ್ಲ, ನಿಮ್ಮ ಮಾತೇ ಸಾಕು ಎನ್ನುತ್ತದೆ. ಬಡವರ ಮಾತನ್ನು ನಂಬುವ ಕಾಗದ ನಮ್ಮ ಕಚೇರಿಗಳಲ್ಲಿ ಎಷ್ಟಿವೆ? ಆ ನಂಬಿಕೆ ಕೆಟ್ಟರೆ ಮುಂದಿನ ವರ್ಷ ನಿನ್ನಂಥವಳು ತಹಶೀಲ್ದಾರರ ಸಹಿಗೆ ನಾಲ್ಕು ದಿನ ಅಲೆಯಬೇಕಾಗುತ್ತದೆ. ಅವಳು ‘ಹೂಂ’ ಎಂದಳು. ಒಪ್ಪಿದಳೋ, ಮೇಷ್ಟರಿಗೆ ಎದುರಾಡಬಾರದು ಎಂದು ಹೇಳಿದಳೋ ತಿಳಿಯಲಿಲ್ಲ. ನವೆಂಬರ್ 20ರಂದು ಉದ್ಯೋಗ ಸಿಕ್ಕಿದೆ ಎಂದು ಬರೆದುಕೊಟ್ಟಳು.

ಅದಾಗಿ ಎಂಟು ದಿನಕ್ಕೆ ಅವಳ ಖಾತೆಗೆ ಮತ್ತೆ 3,000 ರೂಪಾಯಿ ಬಂತು. ಬ್ಯಾಂಕಿನ ಸಂದೇಶದಲ್ಲಿ ಯಾವ ತಿಂಗಳದು ಎಂದು ಇರಲಿಲ್ಲ. ಅಕ್ಟೋಬರ್‌ನದಾದರೆ ಪೂರ್ತಿ ಅವಳದು. ನವೆಂಬರ್‌ನದಾದರೆ ಮೊದಲ ಹತ್ತು ದಿನದ ಸಾವಿರ ಮಾತ್ರ ಅವಳದು, ಉಳಿದ ಎರಡು ಸಾವಿರ ಅಲ್ಲ. ನಗದು ಬಂದ ದಿನ ಲೆಕ್ಕಕ್ಕೋ ಬಾಕಿ ಹುಟ್ಟಿದ ದಿನ ಲೆಕ್ಕಕ್ಕೋ ಎಂದು ನಾನು ಮೊದಲ ವರ್ಷದ ತರಗತಿಯಲ್ಲಿ ಕೊಡುವ ಉದಾಹರಣೆಗಳಿಗೆಲ್ಲ ಇದು ನಾಚಿಕೆ ತರುವಂತಿತ್ತು. ಹಿಂದಿರುಗಿಸಲು ಕೇಂದ್ರಕ್ಕೆ ಹೋದಳು. ಅವರಿಗೆ ಅರ್ಜಿ ತೆಗೆದುಕೊಳ್ಳುವುದು ಗೊತ್ತಿತ್ತು, ಹಣ ವಾಪಸು ತೆಗೆದುಕೊಳ್ಳುವುದು ಗೊತ್ತಿರಲಿಲ್ಲ.

ಮೂರು ತಿಂಗಳ ಕೆಲಸವನ್ನು ಸಂಘದವರು ಮಾರ್ಚ್ ಲೆಕ್ಕ ಮುಗಿಯುವವರೆಗೆ ಎಂದು ಎರಡು ತಿಂಗಳು ಮುಂದುವರಿಸಿದರು. ಒಟ್ಟು 45,000 ಬಂತು. 2025ರ ಏಪ್ರಿಲ್ ಎರಡನೇ ವಾರ ಅವಳು ಮತ್ತೆ ಮನೆಯಲ್ಲಿದ್ದಳು, ಕೆಲಸವಿಲ್ಲದೆ, ಯುವನಿಧಿಯೂ ಇಲ್ಲದೆ. ಅಂಕಿಗಳ ಮಟ್ಟಿಗೆ ನನ್ನ ಸಲಹೆಯಿಂದ ಅವಳಿಗೆ ನಷ್ಟವೇ. ಅವಳು ಒಮ್ಮೆಯೂ ಅದನ್ನು ಆಡಿಲ್ಲ, ನಾನೇ ಆಗಾಗ ಕೂಡಿ ಕಳೆದು ನೋಡುತ್ತೇನೆ. ಅವಳ ತಂದೆ ಒಮ್ಮೆ ಪೇಟೆಯಲ್ಲಿ ಸಿಕ್ಕಾಗ ‘ಮಗಳು ಕಾಗದದಲ್ಲಿ ನಿಜ ಬರೆದಳಂತೆ’ ಎಂದು ಮಾತ್ರ ಹೇಳಿ, ಬೇಡವೆಂದರೂ ನನ್ನ ಚಹಾಕ್ಕೆ ದುಡ್ಡು ಕೊಟ್ಟರು.

ಕೊನೆಯ ಬಾರಿ ಬಂದಾಗ ಮನೆಯ ಜಮಾಖರ್ಚಿನ ಪುಸ್ತಕ ತಂದಿದ್ದಳು. ಎಡ ಪುಟದಲ್ಲಿ ಪಾಠದ ಹಣ, ಅಮ್ಮನ ಸುಲಿತದ ಕೂಲಿ, ಸಂಘದ ಸಂಬಳ. ಬಲ ಪುಟದಲ್ಲಿ ಅಜ್ಜಿಯ ಮಾತ್ರೆ, ತಮ್ಮನ ಶುಲ್ಕ, ಗ್ಯಾಸು. ಕೊನೆಯಲ್ಲಿ ಕೆಂಪು ಶಾಯಿಯ ಒಂದು ಸಾಲು ಬೇರೆಯಾಗಿ ನಿಂತಿತ್ತು. ಯಾರದೆಂದು ತೀರ್ಮಾನವಾಗದ ಮೊತ್ತವನ್ನು ತೀರ್ಮಾನವಾಗುವವರೆಗೆ ಇಡುವ ಖಾತೆಯನ್ನು ನಾವು ಸಸ್ಪೆನ್ಸ್ ಖಾತೆ ಎನ್ನುತ್ತೇವೆ, ಹಳೆಯ ಗುಮಾಸ್ತರು ಅನಾಮತ್ತು ಎನ್ನುತ್ತಿದ್ದರು. ಅವಳು ಹಳೆಯ ಪದವನ್ನೇ ಬರೆದಿದ್ದಳು: ಅನಾಮತ್ತು, 28–11–2024, 3,000.